ಉದೋನನ ಊಟ

ನವೆಂಬರ್ 6, ಬುಧವಾರ

ಇವತ್ತು ಅಂಗಡಿಯಲ್ಲಿ ಬಂಗುಡೆ ಮೀನು ಚೆನ್ನಾಗಿತ್ತು. ಹತ್ತು ಗಂಟೆಗೆಲ್ಲ ಖಾಲಿ. ಅಂಜಲ್ ಉಳಿಯಿತು. ಹುದುಗಿಸಿದ ಸೋಯಾದ ಮಿಸೋ ಹಚ್ಚಿ ಇಟ್ಟಿದ್ದೇನೆ, ನಾಳೆ ಹೋಗುತ್ತದೆ.

ಮಹಡಿಯ ಬಾಡಿಗೆ ಹುಡುಗಿ ಮಿನೋರಿ ಮಧ್ಯಾಹ್ನ ಆಸ್ಪತ್ರೆ ಸೇರಿದಳು. ಎಂಟು ತಿಂಗಳು. ಬಿಪಿ ಏರಿದೆಯಂತೆ. ಹೆರಿಗೆಯವರೆಗೂ ಹಾಸಿಗೆ ಬಿಟ್ಟು ಏಳಬಾರದು, ಮನಸ್ಸಿಗೆ ಏನೂ ಹಚ್ಚಿಕೊಳ್ಳಬಾರದು ಎಂದಿದ್ದಾರೆ ಡಾಕ್ಟರು. ಗಂಡ ಸರಕು ಹಡಗಿನವನು, ಎಲ್ಲೋ ನಡುನೀರಿನಲ್ಲಿ. ಟ್ಯಾಕ್ಸಿ ಹತ್ತುವಾಗಲೂ ನನ್ನ ಕೈ ಬಿಡಲಿಲ್ಲ ಪಾಪ. ತನ್ನ ಚಿಂತೆಯಲ್ಲ — ಸಾಕಿದ ಹಾವಿನ ಚಿಂತೆ!

"ದೊಡ್ಡಮ್ಮಾ, ಉದೋನ್‌ನ ನೋಡ್ಕೊಳ್ತೀರಲ್ಲ? ವಾರಕ್ಕೊಂದೇ ಇಲಿ. ನನ್ನ ಫ್ರೀಜರ್‌ನಲ್ಲಿದೆ. ಹಿಂದಿನ ದಿನ ಅದರ ಕೆಳಗಿನ ಫ್ರಿಜ್‌ಗೆ ಇಳಿಸ್ಬೇಕು, ಆಮೇಲೆ..."

"ಸುಮ್ನಿರೇ ಮಾರಾಯ್ತಿ. ನಲವತ್ತು ವರ್ಷದಿಂದ ಮೀನು ಕರಗಿಸ್ತಿದೀನಿ. ನಂಗೆ ಕಲಿಸ್ತೀಯಾ?"

ಟ್ಯಾಕ್ಸಿ ಹೊರಟಿತು. ಕಿಟಕಿಯಿಂದ ಇನ್ನೂ ಏನೋ ಕೂಗುತ್ತಿದ್ದಳು. ಕೇಳಿಸಲಿಲ್ಲ.

ನವೆಂಬರ್ 8, ಶುಕ್ರವಾರ, ಸಂಜೆ

ಮೊದಲ ಸಲ ಹತ್ತಿರದಿಂದ ನೋಡಿದೆ. ಅಚ್ಚ ಬಿಳಿ. ಹೆಬ್ಬೆರಳಿನ ದಪ್ಪ. ನಮ್ಮ ಕಗಾವಾ ಸೀಮೆಯವರಿಗೆ ಬೆಳ್ಳಗೆ ಉದ್ದಕ್ಕೆ ಏನು ಕಂಡರೂ ಉದೋನ್ ಶಾವಿಗೆಯೇ ನೆನಪು, ಅದೇ ಹೆಸರು ಇಟ್ಟಿದ್ದಾಳೆ. ನಮ್ಮ ಮನೆಯವರು ಮಾತ್ರ ಆ ಹೆಸರೂ ಎತ್ತುವುದಿಲ್ಲ. "ಮೇಲಿನವನು" ಅನ್ನುತ್ತಾರೆ. ಎಪ್ಪತ್ತು ವರ್ಷದ ಗಂಡಸು, ಕೈಯುದ್ದದ, ಚೂಪು ಹಲ್ಲಿನ ಹಾವುಮೀನನ್ನು ಒಂದೇ ಏಟಿಗೆ ಸೀಳುವವರು, ಮೆಟ್ಟಿಲ ಬುಡ ದಾಟುವುದಿಲ್ಲ.

ಅಂಗಡಿಯ ಪಾತ್ರೆ ಒಂದನ್ನೂ ಮುಟ್ಟಿಸಲಿಲ್ಲ. ಮಹಡಿಯ ಸಿಂಕ್, ಬೇರೆ ಬಟ್ಟಲು. ಇಲಿ ಸಣ್ಣದು, ಬಿಳಿ, ಕಣ್ಣು ಮುಚ್ಚಿದ್ದು. ನೋಡಿ ಅಯ್ಯೋ ಪಾಪ ಎಂದೆ. ಆಮೇಲೆ ಕೆಲಸ ಕೆಲಸವೇ. ಸಮುದ್ರದಷ್ಟೇ ಉಪ್ಪು ಬೆರೆಸಿ ಐಸ್ ನೀರಿನಲ್ಲಿ ಕರಗಿಸಿದೆ — ನಮ್ಮ ಮಾವ ಕಲಿಸಿದ ರೀತಿ. ಎರಡು ಸಲ ತೊಳೆದೆ. ನಾಲ್ಕು ಹನಿ ಅಕ್ಕಿಮದ್ಯ ಸಾಕೆ ಸವರಿದೆ. ಬಟ್ಟೆಯಲ್ಲಿ ಒತ್ತಿ ಒರೆಸಿದೆ. ಅತಿಥಿಗೆ ಬಡಿಸುವ ಹಾಗಿತ್ತು.

ಉದ್ದ ಚಿಮ್ಮಟದಲ್ಲಿ ಹಿಡಿದು ಮುಂದೆ ಆಡಿಸಿದೆ. ನಾಲಿಗೆ ಎರಡು ಸಲ ಹೊರಹಾಕಿದ. ಮೀನಿನ ಕಿವಿರು ಎತ್ತಿ ನೋಡಿ, ಕೊಳ್ಳದೆ ಹೋಗುವ ಗಿರಾಕಿಯಂತೆ ತಿರುಗಿ ಹೋದ.

ಇಲಿಯನ್ನು ಸುತ್ತಿ ಎಸೆದೆ. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಮೀನಿಗಾದರೂ ಅಷ್ಟೇ, ಇಲಿಗಾದರೂ ಅಷ್ಟೇ.

ನವೆಂಬರ್ 9

ಮಿನೋರಿ ಫೋನ್ ಮಾಡಿದಳು.

"ತಿಂದ್ನಾ?"

"ಹಸಿವಿಲ್ಲ ಅನ್ಸತ್ತೆ ಕಣೇ."

"ಬಿಸಿ ಮಾಡಿದ್ರಾ ದೊಡ್ಡಮ್ಮ?"

"ಬಿಸಿಯಾ? ಐಸ್ ನೀರಲ್ಲಿ ಕರಗಿಸ್ದೆ."

"ಅಯ್ಯೋ! ತಣ್ಣಗಿದ್ರೆ ಅವನಿಗೆ ಅದು ಊಟ ಅಂತಾನೇ ಗೊತ್ತಾಗಲ್ಲ. ಫ್ರಿಜ್‌ನಲ್ಲಿ ಕರಗಿದ ಮೇಲೆ ಜಿಪ್ ಚೀಲದಲ್ಲಿ ಹಾಕಿ ಸ್ನಾನದ ನೀರಿನಷ್ಟು ಬೆಚ್ಚಗಿರೋ ನೀರಲ್ಲಿ ಇಡಿ. ಹೊಟ್ಟೆ ಒತ್ತಿ ನೋಡಿ, ಒಳಗೆ ತಣ್ಣಗೆ, ಗಟ್ಟಿ ಇರಬಾರ್ದು. ಕುದಿಯೋ ನೀರು ಬೇಡ, ಹೊಟ್ಟೆ ಒಡೆಯತ್ತೆ. ಮೈಕ್ರೋವೇವ್ ಅಂತೂ ಬೇಡ್ವೇ ಬೇಡ!"

ಬೆಚ್ಚಗಿನ ನೀರು! ಈ ಮಾತು ಕೇಳಿದ್ದರೆ ಮಾವ ಚಾಕು ಹಿಡಿದೇ ಅಟ್ಟಿಸಿಕೊಂಡು ಬರುತ್ತಿದ್ದರು. ಇರಲಿ. ಹಾವಿನ ಯಜಮಾನಿ ಹೇಳಿದಂತೆ. ಬೇಡವೆಂದ ಮೇಲೆ ಒಂದು ವಾರ ಅವನ ಪಾಡಿಗೆ ಬಿಡಬೇಕಂತೆ, ಇಲ್ಲವಾದರೆ ಬೆದರುತ್ತಾನಂತೆ.

ನವೆಂಬರ್ 16, ಶನಿವಾರ

ಇವತ್ತು ಬೆಚ್ಚಗೆ ಕೊಟ್ಟೆ. ಉಪ್ಪು, ಸಾಕೆ, ಒರೆಸುವುದು ಎಲ್ಲ ಮುಗಿಸಿ, ಚೀಲಕ್ಕೆ ಹಾಕಿ, ನೀರು ಆರಿದಂತೆಲ್ಲ ಬದಲಿಸಿ, ಹೊಟ್ಟೆ ಒತ್ತಿ ನೋಡಿ. ಮೆತ್ತಗಿತ್ತು. ತಲೆ ಎತ್ತಿದ. ಹತ್ತಿರ ಬಂದ! ಮೂಗು ತಾಗಿಸಿದ...

ಹೋದ.

ಇವರು ಕೆಳಗಿನಿಂದಲೇ, "ಏನಂತೆ ಮೇಲಿನವ್ನು?"

"ಬೇಡ್ವಂತೆ."

"ನನ್ ಸಾಕೆ ಬಿಸಿ ಮಾಡೋ ಮೈಕ್ರೋವೇವ್‌ನಲ್ಲಿ ಇಟ್ಟು ಒಂದು ಸುತ್ತು ತಿರುಗಿಸೇ."

"ತಿರುಗಿಸ್ತೀನಿ. ಒಡೆದ್ಮೇಲೆ ಒಳಗೆಲ್ಲ ಒರೆಸೋರು ನೀವೇ."



ನವೆಂಬರ್ 18

ಒಕಯಾಮಾದಿಂದ ಮಿನೋರಿಯ ತಾಯಿ ನೊಬುಕೊ ಫೋನ್ ಮಾಡಿದರು. ಮೃದು ಮಾತಿನ ಹೆಂಗಸು. ಮಾತಿನೊಳಗೆ ಮಾತ್ರ ಮುಳ್ಳಿತ್ತು.

"ಇಸೊಕೊ ಅವ್ರೇ, ನಿಮಗೆ ತೊಂದ್ರೆ ಕೊಡ್ತಿದೀವಿ. ಮಗಳು ದಿನಾ ಅಳ್ತಾಳೆ. ಹೊಟ್ಟೇಲಿ ಮಗು ಇಟ್ಕೊಂಡು ಹಾವಿಗೋಸ್ಕರ ಅಳೋದಾ? ಬಿಪಿ ಇಳೀತಾನೇ ಇಲ್ಲ. ನಾನು ಒಂದು ತೀರ್ಮಾನ ಮಾಡಿದೀನಿ. ಮಗು ಬರೋದ್ರೊಳಗೆ ಅದು ತಿಂದ್ರೆ ಸರಿ. ಇಲ್ದಿದ್ರೆ ಹಾವು ಮಾರೋ ಪೇಟೆ ಅಂಗಡಿಯವ್ರಿಗೆ ಕೊಟ್ಟುಬಿಡೋಣ. ಸಾಕೋಕೆ ಬರೋರ ಹತ್ರ ಇರ್ಲಿ."

ತಪ್ಪೇನೂ ಹೇಳಲಿಲ್ಲ. ತಾಯಿ ಅಲ್ಲವೇ. ಆದರೆ "ಸಾಕೋಕೆ ಬರೋರು" ಎಂದದ್ದು ಎದೆಗೆ ನಾಟಿತು.

ನವೆಂಬರ್ 23, ಶನಿವಾರ

ಇವತ್ತೂ ಇಲ್ಲ.

ಉಪ್ಪು ಇನ್ನೂ ಒಂದು ಹಿಡಿ ಜಾಸ್ತಿ ಹಾಕಿದ್ದೆ, ಮೂರು ಸಲ ತೊಳೆದಿದ್ದೆ, ಒಳ್ಳೆಯ ಸಾಕೆಯೇ ಸವರಿದ್ದೆ — ಹೊಸ ವರ್ಷಕ್ಕೆಂದು ಇವರು ಎತ್ತಿಟ್ಟದ್ದು. ಮುಟ್ಟಲೂ ಇಲ್ಲ. ಬೆನ್ನಿನ ಮೇಲೆ ಒಂದು ಗೆರೆ ಎದ್ದು ಕಾಣುತ್ತಿದೆ, ಬಡವಾಗುತ್ತಿದ್ದಾನೆ. ಅವನ ಗಾಜಿನ ಪೆಟ್ಟಿಗೆಯ ಮುಂದೆ ಕುಳಿತು ಅತ್ತುಬಿಟ್ಟೆ. ಹಾವಿಗಾಗಿ ಅಳುವುದಾ ಎಂದು ಯಾರಾದರೂ ಕೇಳಿದರೆ ಕೇಳಲಿ. ಈ ಮನೆಯಲ್ಲಿ ನನ್ನ ಕೈಯಿಂದ ಕೊಟ್ಟದ್ದನ್ನು ಬೇಡವೆಂದವನು ಇವನೊಬ್ಬನೇ.

ನವೆಂಬರ್ 24, ಭಾನುವಾರ

ಅಂಗಡಿಗೆ ರಜೆ. ಆಸ್ಪತ್ರೆಗೆ ಹೋಗಿ ಬಂದೆ. ಮಿನೋರಿ ಎಡಮಗ್ಗುಲಿಗೆ ಮಲಗಿದ್ದಳು. ಮುಖ ಊದಿತ್ತು.

"ಮೊದ್ಲಿಂದ ಹೇಳಿ ದೊಡ್ಡಮ್ಮ. ಒಂದೂ ಬಿಡದೆ."

ಹೇಳಿದೆ. ಹಿಂದಿನ ಸಂಜೆ ಫ್ರಿಜ್‌ಗೆ ಇಳಿಸಿದ್ದು. "ಹೂಂ." ಆಮೇಲೆ ಉಪ್ಪುನೀರು. ಅವಳು "ಹೂಂ" ಅನ್ನಲಿಲ್ಲ. ಮೂರು ಸಲ ತೊಳೆದದ್ದು. ಸಾಕೆ ಸವರಿದ್ದು. ಬಟ್ಟೆಯಲ್ಲಿ ಒರೆಸಿದ್ದು. "ಮೂಗಿಗೆ ಹಿಡಿದು ನೋಡ್ದೆ ಕಣೇ, ಒಂದು ಚೂರೂ ವಾಸನೆ ಇಲ್ಲ!" ಎಂದು ಹೆಮ್ಮೆಯಿಂದಲೇ ಹೇಳಿದೆ.

ಅವಳು ನನ್ನನ್ನೇ ನೋಡಿದಳು. ತುಟಿ ನಡುಗಿತು. ಅಳುತ್ತಾಳೆಂದು ಕರವಸ್ತ್ರ ತೆಗೆದೆ.

ನಕ್ಕಳು. ಹೊಟ್ಟೆ ಹಿಡಿದುಕೊಂಡು, ದಿಂಬಿಗೆ ಮುಖ ಒತ್ತಿ, ಮಂಚ ಅಲ್ಲಾಡುವ ಹಾಗೆ.

"ದೊಡ್ಡಮ್ಮಾ... ಅವ್ನಿಗೆ ಬೇಕಾಗಿರೋದೇ ಆ ವಾಸ್ನೆ!"

ನರ್ಸ್ ಓಡಿ ಬಂದಳು. ಬಿಪಿ ನೋಡಿದಳು. ಎಷ್ಟೋ ದಿನದ ಮೇಲೆ ಇಳಿದಿದೆ ಎಂದಳು!

ಬಸ್ಸಿನಲ್ಲಿ ಬರುವಾಗ ನನಗೂ ನಗು ತಡೆಯಲಾಗಲಿಲ್ಲ. ಪಕ್ಕದಾತ ಎದ್ದು ಬೇರೆ ಸೀಟಿಗೆ ಹೋದ. ವಾಸನೆ ಇಲ್ಲದ ಮೀನು ಎಂದರೆ ಇಸೊಕೊ ಅಂಗಡಿ ಎಂದು ಊರೆಲ್ಲ ಹೊಗಳುತ್ತದೆ. ಆ ಹೊಗಳಿಕೆಯೇ ಪಾಪದ ಹಾವನ್ನು ಇಷ್ಟು ದಿನ ಉಪವಾಸ ಕೆಡವಿತು. ನನ್ನ ಬುದ್ಧಿಗಿಷ್ಟು!

ಡಿಸೆಂಬರ್ 1, ಭಾನುವಾರ, ಮಧ್ಯಾಹ್ನ

ಇನ್ನೂ ಊಟ ಮಾಡಿಲ್ಲ. ಆದರೂ ಬರೆಯುತ್ತೇನೆ.

ನಿನ್ನೆ ಸಂಜೆ ಫ್ರಿಜ್‌ಗೆ ಇಳಿಸಿದ್ದೆ. ಇವತ್ತು ಚೀಲ ಸಮೇತ ಬೆಚ್ಚನೆ ನೀರಿನಲ್ಲಿ. ತೊಳೆಯಲಿಲ್ಲ. ಉಪ್ಪಿನ ಡಬ್ಬದ ಕಡೆ ಕೈ ತಾನಾಗಿ ಹೋಯಿತು, ಎಡಗೈಯಿಂದ ಬಲಗೈ ಹಿಡಿದುಕೊಂಡೆ! ಚೀಲ ಬಿಚ್ಚಿದೆ — ಅಬ್ಬಾ. ಇಲಿಯೇ. ಮೂಗು ಮುಚ್ಚಿಕೊಂಡು ಚಿಮ್ಮಟದಲ್ಲಿ ಹಿಡಿದೆ.

ಆಡಿಸಬೇಕಾಗಲೇ ಇಲ್ಲ. ಪೆಟ್ಟಿಗೆಯೊಳಗಿನ ಪುಟ್ಟ ಗುಹೆಯಿಂದ ತಲೆ ಹೊರಬಂತು. ನಾಲಿಗೆ ಪಟಪಟ. ಕುತ್ತಿಗೆ ಹಿಂದಕ್ಕೆ ಮಡಚಿದ. ಆಮೇಲೆ ಏನಾಯಿತೋ ಕಾಣಲೇ ಇಲ್ಲ, ಚಿಮ್ಮಟ ಜಗ್ಗಿತು ಅಷ್ಟೇ. ನೋಡಿದರೆ ಮೂರು ಸುತ್ತು ಸುತ್ತಿದ್ದಾನೆ!

"ರೀ! ಹಿಡಿದ! ಹಿಡಿದ ಕಣ್ರೀ!"

ಇವರು ಅರ್ಧ ಮೆಟ್ಟಿಲು ಹತ್ತಿದರು. "ನಿನ್ನ ಹಿಡಿದ್ನಾ?"

"ಇಲೀನ ರೀ!"

ಫೋನ್ ಮಾಡಿದೆ. ಎತ್ತಿದ್ದು ನೊಬುಕೊ. ಏದುಸಿರಿನಲ್ಲಿ ಮಾತಾಡುತ್ತಿದ್ದರು. ಬೆಳಿಗ್ಗೆ ನೋವು ಶುರುವಾಗಿದೆ, ಈಗ ಹೆರಿಗೆ ಕೋಣೆಗೆ ಒಯ್ಯುತ್ತಿದ್ದಾರೆ.

"ಬಾಗಿಲ ಹತ್ರ ಮಂಚ ನಿಲ್ಲಿಸ್ಕೊಂಡಿದಾಳೆ ಇಸೊಕೊ ಅವ್ರೇ! ಸುದ್ದಿ ಗೊತ್ತಾಗದೆ ಒಳಗೆ ಹೋಗಲ್ವಂತೆ. ಬೇಗ ಹೇಳಿ. ತಿಂತಾ, ಇಲ್ವಾ?"

ಪೆಟ್ಟಿಗೆ ನೋಡಿದೆ.

"ತಿಂದ! ಬಾಲ ಒಂದು ಹೊರಗಿದೆ!"

ಹಾವನ್ನು ಅಂಗಡಿಗೆ ಕೊಡುತ್ತೇನೆಂದ ಆ ಮೃದು ಮಾತಿನ ಹೆಂಗಸು ಆಸ್ಪತ್ರೆಯ ಪಡಸಾಲೆಯಲ್ಲಿ ಗಂಟಲು ಹರಿಯುವಂತೆ ಕೂಗಿದ್ದು ನನಗೆ ಇಲ್ಲಿ ಕೇಳಿಸಿತು — "ತಿಂದ್ನಂತೆ ಮಿನೋರೀ! ಬಾಲ ಒಂದೇ ಹೊರಗಂತೆ!" ದೂರದಿಂದ ನಗುವೋ ನರಳಿಕೆಯೋ. ಎರಡೂ ಇರಬೇಕು.

ಡಿಸೆಂಬರ್ 1, ಸಂಜೆ

ಹೆಣ್ಣು. ಇಬ್ಬರೂ ಕ್ಷೇಮ.

ಕೈ ಸೋಪು ಹಾಕಿ ಎಷ್ಟು ತೊಳೆದರೂ ಇಲಿ ವಾಸನೆ ಇದೆ ಅನ್ನಿಸುತ್ತಿದೆ. ಇರಲಿ ಬಿಡಿ.

ಡಿಸೆಂಬರ್ 4, ಬುಧವಾರ

ಬೆಳಿಗ್ಗೆ ಸಿಗಡಿ ಮಾರಿ ಮುಗಿಯುವಷ್ಟರಲ್ಲಿ ನೊಬುಕೊ ಬಂದರು, ಮಗಳ ಬಟ್ಟೆ ಒಯ್ಯಲು. ಮಹಡಿಗೆ ಕರೆದುಕೊಂಡು ಹೋದೆ.  ಹಾವು ಇಲ್ಲೇ ಇರಲಿ ಎಂಬ ಮಾತು ಅವರ ಬಾಯಿಂದ ಇನ್ನೂ ಬಂದಿರಲಿಲ್ಲ. ತಿಂದರೆ ಸರಿ ಎಂದಿದ್ದರು, ನಿಜ. ಆದರೆ ಎಳೆ ಮಗು ಬರುವ ಮನೆ. ಮನಸ್ಸು ಬದಲಾಯಿಸಿದರೆ ಬೇಡವೆನ್ನಲು ನಾನ್ಯಾರು.

ಚೀಲ ಕೆಳಗಿಡದೆ ಪೆಟ್ಟಿಗೆಯ ಮುಂದೆ ನಿಂತರು. ಉದೋನ್ ಬೆಚ್ಚಗಿನ ಮೂಲೆಯಲ್ಲಿ ಸುರುಳಿ. ನಡುಮೈ ಇನ್ನೂ ಸ್ವಲ್ಪ ಉಬ್ಬಿತ್ತು. ಬಹಳ ಹೊತ್ತು ನೋಡಿದರು.

"ಹೊಟ್ಟೆ ನೋಡಿ ಇದ್ರದ್ದು."

"ಹೂಂ."

"ಮುಟ್ಬಹುದಾ?"

"ಇವತ್ತು ಬೇಡ. ಊಟ ಅರಗ್ಬೇಕು, ಕೆಣಕಿದ್ರೆ ಕಕ್ಕಿಬಿಡ್ತಾನೆ. ನಾಳೆ ಮುಟ್ಟಿ."

ಚೀಲ ಕೆಳಗಿಟ್ಟರು. ಮಂಡಿಯೂರಿ ಗಾಜಿನ ಹತ್ತಿರ ಮುಖ ತಂದರು. ಮಗುವಿನ ಹತ್ತಿರ ಮಾತಾಡುವ ದನಿಯಲ್ಲಿ,

"ಏನಪ್ಪಾ, ತಂಗಿ ಬರ್ತಾಳೆ ಶನಿವಾರ. ಜಗಳ ಆಡ್ಬಾರ್ದು, ಆಯ್ತಾ? ಅಣ್ಣ ಅಲ್ವಾ ನೀನು?"

 ಮುಸುರೆ ತೊಳೆಯುವ ನೆಪದಲ್ಲಿ ಕೆಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಭಾನುವಾರದ ಊಟ ತಾವೇ ಕರಗಿಸುತ್ತಾರಂತೆ, ಹೇಳಿಕೊಡಬೇಕಂತೆ. ಹೇಳಿಕೊಡುತ್ತೇನೆ, ಅದಕ್ಕೇನು. ಮೊದಲು ಬಟ್ಟಲು ಬೇರೆ ಇರಬೇಕು, ಆಮೇಲೆ ನೀರು — ಕರೆಯುತ್ತಿದ್ದಾರೆ ಮೇಲಿಂದ. "ಇಸೊಕೊ ಅವ್ರೇ, ಬೇಗ ಬನ್ನಿ, ಆಕಳಿಸ್ತಿದಾನೆ, ನಮ್ಮ ಹುಡುಗ ಆಕಳಿಸ್ತಿದಾನೆ!" ಉಳಿದದ್ದು ಆಮೇಲೆ ಬರೆಯುತ್ತೇನೆ.