ಕಾಗೆ ಹಾರಿಸಬೇಡಿ ಅಂದದ್ದಕ್ಕೆ ಅರ್ಥ

ಗೋದಾಮಿನ ಮ್ಯಾನೇಜರ್ ಸಾಹೇಬರಿಗೆ ನಮಸ್ಕಾರ.

ನಿನ್ನೆ ಎಲ್ಲರೆದುರು ನಾನು "ಕಾಗೆ ಹಾರಿಸ್ಬೇಡಿ ಸಾರ್" ಎಂದದ್ದಕ್ಕೆ ಅರ್ಥ ಬರೆದುಕೊಟ್ಟು ಕ್ಷಮೆ ಕೇಳಬೇಕೆಂದು ನೋಟಿಸ್ ಕೊಟ್ಟಿದ್ದೀರಿ.

ಹೋದ ತಿಂಗಳು ಲಿಫ್ಟಿನ ದೂರು ಪುಸ್ತಕದಲ್ಲಿ "ಬ್ರೇಕು ಕೈ ಕೊಡ್ತಾ ಇದೆ" ಎಂದು ಎರಡು ಸಲ ಬರೆದಿದ್ದೆ. ಎರಡು ಸಲವೂ ತಾವು ಕೆಂಪು ಶಾಯಿಯಲ್ಲಿ ಗೀಟು ಹಾಕಿ, "ಸಭ್ಯ ಭಾಷೆಯಲ್ಲಿ ಬರೆಯಿರಿ" ಎಂದು ವಾಪಸ್ ಕಳಿಸಿದಿರಿ. ಸೋಮವಾರ ಲಿಫ್ಟು ಎರಡನೇ ಮಹಡಿಯಿಂದ ಕೆಳಗೆ ಬಿತ್ತು. ಒಳಗೆ ಮೂಟೆಗಳ ಜೊತೆ ನಿಂತಿದ್ದ ನಮ್ಮ ಹಮಾಲಿ ಪೈಲ್ವಾನಣ್ಣನ ಕಾಲು ಮುರಿಯಿತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನೇ, "ಏನಾಯ್ತಮ್ಮ?" ಎಂದ. "ಬ್ರೇಕು ಕೈ ಕೊಡ್ತು ಕಣಣ್ಣ" ಎಂದೆ. ಅವನು ಅರ್ಥ ಕೇಳಲಿಲ್ಲ.

ನಿನ್ನೆ ತನಿಖೆಗೆ ಬಂದವರಿಗೆ ತಾವು, "ಲಿಫ್ಟ್ ಬಗ್ಗೆ ಯಾರೂ ದೂರೇ ಕೊಟ್ಟಿಲ್ಲ" ಎಂದಿರಿ. ಕಾಗೆಯ ಮಾತು ನನ್ನ ಬಾಯಿಂದ ಬಂದದ್ದು ಆಗ.

ಆ ಪುಸ್ತಕ ನನ್ನ ಹತ್ತಿರವೇ ಇದೆ. ಕೆಂಪು ಶಾಯಿಯ ಎರಡೂ ಪುಟಗಳನ್ನು ಜೆರಾಕ್ಸ್ ಮಾಡಿಸಿ ತನಿಖೆಯವರಿಗೆ ಕಳಿಸಿದ್ದೇನೆ. ಹೊಸ ಬ್ರೇಕು ಹಾಕಿಸುವವರೆಗೆ ಲಿಫ್ಟಿನ ಗುಂಡಿ ಒತ್ತುವುದಿಲ್ಲ. ದಯವಿಟ್ಟು ಬೇಗ ಹಾಕಿಸಿ. ಕ್ಷಮೆ ಕೇಳುವುದಿಲ್ಲ. ಆದರೆ ತಮ್ಮ ಅಪ್ಪಣೆಯಂತೆ ಆ ಮಾತನ್ನು ಸಭ್ಯ ಭಾಷೆಯಲ್ಲಿ ಬರೆದುಕೊಡುತ್ತಿದ್ದೇನೆ: ತಾವು ಸುಳ್ಳು ಹೇಳುತ್ತಿದ್ದೀರಿ.

ಇಂತಿ,
ಲಿಫ್ಟ್ ನಡೆಸುವವಳು