ಕಂಬ ಕಾಣದ ಹಾಗೆ

ಅಪ್ಪಾ,

ಇವತ್ತು ಮಧ್ಯಾಹ್ನ ನಿಮ್ಮನ್ನು ಮತ್ತೆ ಪರದೆಯ ಮೇಲೆ ಓಡಿಸಿದೆ. ಹೆದ್ದಾರಿ ಇಲಾಖೆಯ ಐದು ಜನ ಬಂದಿದ್ದರು. ರಾಂಗ್ ಸೈಡಿನಲ್ಲಿ ನುಗ್ಗುವ ಗಾಡಿಯನ್ನು ದೂರದಿಂದಲೇ ಕಂಡುಹಿಡಿದು, ಕಂಬದ ಮೇಲಿಂದ ಕೆಂಪು ದೀಪ ಮಿನುಗಿಸಿ ಸೈರನ್ ಕೂಗುವ ನನ್ನ ಯಂತ್ರವನ್ನು ಮಾರಬೇಕಾದರೆ ಮೊದಲು ಹೆದರಿಸಬೇಕು. ಹೆದರಿಸಲು ನಿಮಗಿಂತ ಒಳ್ಳೆಯ ವಿಡಿಯೋ ನನ್ನ ಬಳಿ ಇಲ್ಲ. ಗಾಡಿಗಳು ಹೆದ್ದಾರಿಯಿಂದ ಇಳಿಯುವ ದಾರಿಯಲ್ಲಿ ನಿಮ್ಮ ಬಿಳಿ ಕಾರು ಆರಾಮಾಗಿ ಮೇಲೇರಿ ಬರುತ್ತದೆ.

"ಯಾರೋ ಅಜ್ಜ," ಎಂದೆ, ಎಂದಿನಂತೆ. "ನಮ್ಮ ಯಂತ್ರ ಇದ್ದಿದ್ರೆ ಬದುಕ್ತಿದ್ರು."

ಹಿಂದಿನ ಸಾಲಿನ ಇಂಜಿನಿಯರಮ್ಮ ಕನ್ನಡಕ ಏರಿಸಿದರು. "ಎಡಗಡೆ ಇರೋ ಕಂಬ ನಿಮ್ದೇ ಅಲ್ವೇನ್ರೀ? ದೀಪ ಯಾಕೆ ಹತ್ತಿಲ್ಲ?"

"ಬರೀ ಕಂಬ ನಿಲ್ಲಿಸಿದ್ವಿ ಮೇಡಂ. ಕರೆಂಟೇ ಕೊಟ್ಟಿರಲಿಲ್ಲ."

ಕರೆಂಟು ಇತ್ತು. ನಾಯಿ ದಾಟಿದರೂ ಸೈರನ್ ಕೂಗುತ್ತಿತ್ತು. ಉದ್ಘಾಟನೆಯ ದಿನವೇ ಮಾನ ಹೋದೀತೆಂದು ಅವತ್ತು ಬೆಳಿಗ್ಗೆ ನಾನೇ ಸ್ವಿಚ್ ಆಫ್ ಮಾಡಿದ್ದೆ. ಆಮೇಲೆ ನಿಮಗೆ ಫೋನ್ ಮಾಡಿ, "ಬಂದು ನೋಡಿ, ನಿಮ್ಮ ದಡ್ಡ ಮಗ ಏನು ಮಾಡಿದ್ದಾನೆ ಅಂತ. ಮೇಲ್ಗಡೆ ಕಂಬದ ಹತ್ರಾನೇ ನಿಂತಿರ್ತೀನಿ" ಎಂದಿದ್ದೆ.

ಇಂಜಿನಿಯರಮ್ಮ ನಂಬಿದರು. ಇಪ್ಪತ್ತು ಕಡೆ ಹಾಕಲು ಒಪ್ಪಿಗೆ ಸಿಕ್ಕಿತು.

ಮುಂದಿನ ವಾರ ಬೇರೆಯವರು ನೋಡಲು ಬರುತ್ತಾರೆ. ವಿಡಿಯೋದ ಎಡಭಾಗ ಕತ್ತರಿಸುವಂತೆ ಆಫೀಸಿನ ಹುಡುಗಿಗೆ ಹೇಳಿದೆ.

"ಕತ್ತರಿಸಿದ್ರೆ ಅಜ್ಜನ ಕೈನೂ ಹೋಗುತ್ತೆ ಸಾರ್," ಎಂದಳು. "ಕಿಟಕಿಯಿಂದ ಯಾರಿಗೋ ಬೀಸ್ತಿದಾರೆ. ನಗ್ತಾನೂ ಇದಾರೆ."

"ಹೋಗ್ಲಿ ಬಿಡಮ್ಮ," ಎಂದೆ. "ಕಾರು ಕಂಡ್ರೆ ಸಾಕು."