ನೋಡದ ಸಮುದ್ರಕ್ಕೆ ಹೋದ ಮೂರು ಅಂಕ

ಹೆಗ್ಗಡದೇವನಕೋಟೆ ತಾಲ್ಲೂಕು
1941ನೆಯ ಇಸವಿ, ಜುಲೈ

ಪರೀಕ್ಷಾ ಮಂಡಲಿಯ ಅಧ್ಯಕ್ಷರಾದ ಮಾನ್ಯರೇ,

ಒಂಬತ್ತು ವರ್ಷಗಳ ಹಿಂದೆ ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ತಮ್ಮ ಮಂಡಲಿ ನನಗೆ ಇಂಗ್ಲಿಷಿನಲ್ಲಿ ಮೂವತ್ತೆರಡು ಅಂಕ ಕೊಟ್ಟಿತು. ಬೇಕಾಗಿದ್ದದ್ದು ಮೂವತ್ತೈದು. ಆ ಮೂರು ಅಂಕವನ್ನು ಈಗ ಕೊಡಿಸಿ ಎಂದು ಕೇಳಲು ನಾನು ಬರೆಯುತ್ತಿಲ್ಲ. ಅದಕ್ಕಾಗಿ ಆಗಲೇ ಮೂರು ಅರ್ಜಿ ಬರೆದಿದ್ದೆ. "ಪರಿಶೀಲಿಸಲಾಗಿದೆ, ಬದಲಾವಣೆಗೆ ಅವಕಾಶವಿಲ್ಲ" ಎಂಬ ಒಂದೇ ಸಾಲಿನ ಉತ್ತರ ಮೂರು ಸಲವೂ ಬಂತು. ತಮ್ಮ ಕಚೇರಿಯ ಗುಮಾಸ್ತರ ಅಕ್ಷರ ಮಾತ್ರ ಬಹಳ ದುಂಡಾಗಿತ್ತು. ಒಂದು ವಿಷಯದಲ್ಲಿ ಜಾರಿದವನನ್ನು ಎಲ್ಲದರಲ್ಲೂ ಬಿದ್ದವನೆಂದು ಬರೆದುಬಿಡುವ ತಮ್ಮ ನಿಯಮ ಒಬ್ಬ ಮನುಷ್ಯನನ್ನು ಎಲ್ಲಿಗೆ ಒಯ್ದು ಬಿಡುತ್ತದೆ ಎಂಬುದು ತಮಗೆ ತಿಳಿದಿರಲಾರದು. ಹೇಗೆ ತಿಳಿದೀತು? ತೇರ್ಗಡೆಯಾದವರು ತಮಗೆ ನಮಸ್ಕಾರ ಮಾಡಲು ಬರುತ್ತಾರೆ. ಉಳಿದವರು ಬರುವುದಿಲ್ಲ. ಆದ್ದರಿಂದ ನಾನು ಪತ್ರಿಕೆಯ ಮೂಲಕ ಬರುತ್ತಿದ್ದೇನೆ.

ನಾನು ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರದವನು. ತಂದೆ ಗೋವಿಂದಯ್ಯ ಕಂಡವರ ಹೊಲದಲ್ಲಿ ದುಡಿದು, ನಾನು ಎಳೆಯವನಾಗಿದ್ದಾಗಲೇ ತೀರಿಕೊಂಡರು. ತಾಯಿ ಕೆಂಪಾಜಮ್ಮ ಸೂಲಗಿತ್ತಿ. ಸುತ್ತಿನ ಹತ್ತು ಹಳ್ಳಿಯ ಮಕ್ಕಳು ಮೊದಲು ಮುಟ್ಟಿದ್ದು ಅವಳ ಕೈಯನ್ನೇ. ನಮ್ಮನ್ನು ಒಳಗೆ ಕರೆಯದ ಮನೆಗಳೂ ಆ ಒಂದು ದಿನ ಮಾತ್ರ ಅವಳನ್ನು ಒಳಗೆ ಕರೆಯುತ್ತಿದ್ದವು. ಯಾವುದಾದರೂ ಹೆರಿಗೆ ಕೆಟ್ಟು ಹೆಂಗಸು ಉಳಿಯದೆ ಹೋದ ದಿನ ಅವಳು ಮನೆಗೆ ಬಂದು ಉಣ್ಣುತ್ತಿರಲಿಲ್ಲ. ಎರಡು ಅಂಗೈಯನ್ನೂ ನನ್ನ ಮುಂದೆ ಚಾಚಿ ಹೇಳುತ್ತಿದ್ದಳು: "ನನ್ ಕೈ ಓಗೋದು ಇಲ್ಲಿಗಂಟ ಕಣಪ್ಪ. ಇದ್ರಿಂದಾಚ್ಗೆ ಡಾಕುಟ್ರು ಕೈಯೇ ಬೇಕು. ನೀನು ಓದ್ಕ, ಆ ಕೈ ನಿಂದಾಗ್ಲಿ."

ಓದಿದೆ. ಹುಣಸೂರಿನಲ್ಲಿ ಹೈಸ್ಕೂಲು ಮುಗಿಸಿ, ವಿದ್ಯಾರ್ಥಿವೇತನ ಸಿಕ್ಕಿ, ಪಟ್ಟಣದ ಕಾಲೇಜಿಗೆ ಹೋದೆ. ವಿದ್ಯಾರ್ಥಿನಿಲಯದಲ್ಲಿ ನನ್ನ ಕೋಣೆಯ ಜೊತೆಗಾರ ಮಿರ್ಲೆಯ ದೇವರಾಜು. ನಾಲೆಯ ನೀರು ಹರಿಯುವ ಗದ್ದೆಯುಳ್ಳ ಮನೆಯ ಹುಡುಗ, ಒಳ್ಳೆಯ ಮನಸ್ಸಿನವನು. ಅವನಿಗೆ ರಸಾಯನಶಾಸ್ತ್ರ ತಲೆಗೆ ಹತ್ತುತ್ತಿರಲಿಲ್ಲ, ನಾನು ಹೇಳಿಕೊಡುತ್ತಿದ್ದೆ. ನನಗೆ ಇಂಗ್ಲಿಷ್ ನಾಲಗೆಗೆ ಹತ್ತುತ್ತಿರಲಿಲ್ಲ, ಅವನು ತಿದ್ದುತ್ತಿದ್ದ. ಇಬ್ಬರೂ ವೈದ್ಯಕೀಯ ಓದಬೇಕೆಂದು ಮಾತಾಗಿತ್ತು.

ಪರೀಕ್ಷೆಯ ದಿನ ತಮ್ಮ ಮಂಡಲಿ ಕೊಟ್ಟ ಪ್ರಬಂಧದ ವಿಷಯ "ಸಮುದ್ರತೀರದಲ್ಲಿ ಒಂದು ಸಂಜೆ". ಮಾನ್ಯರೇ, ಮೂರು ಕಡೆ ಕಾಡು, ಒಂದು ಕಡೆ ಬಯಲು ಇರುವ ಸೀಮೆಯ ಹುಡುಗರಿಗೆ ಸಮುದ್ರವನ್ನು ಬಡಿಸಬೇಕೆಂದು ಯಾವ ಪಂಡಿತರಿಗೆ ಹೊಳೆಯಿತೋ! ನಾನು ಲೇಖನಿ ಹಿಡಿದು ಬಹಳ ಹೊತ್ತು ಕುಳಿತೆ. ಕೊನೆಗೆ ಮೊದಲ ಸಾಲಿನಲ್ಲಿ, ನಾನು ಸಮುದ್ರವನ್ನು ನೋಡಿಲ್ಲವಾದ್ದರಿಂದ ನೋಡಿದ ನೀರನ್ನು ಕುರಿತು ಬರೆಯುತ್ತೇನೆ ಎಂದು ಬರೆದೆ. ಆಷಾಢದ ಪ್ರವಾಹದಲ್ಲಿ ಹೆರಿಗೆಗೆಂದು ಕಾವೇರಿಯನ್ನು ಹರಿಗೋಲಿನಲ್ಲಿ ದಾಟಿದ ನನ್ನ ತಾಯಿಯನ್ನೂ, ಆಚೆ ದಡದಲ್ಲಿ ದೀಪ ಹಿಡಿದು ನಿಂತವರನ್ನೂ, ಸುಳಿಗೆ ಸಿಕ್ಕ ಹರಿಗೋಲು ಬುಗುರಿಯಂತೆ ತಿರುಗಿದ್ದನ್ನೂ ಬರೆದೆ. ನನ್ನ ಇಂಗ್ಲಿಷ್ ಸೊಗಸಾಗಿರಲಿಲ್ಲ, ಒಪ್ಪುತ್ತೇನೆ. ಸುಳ್ಳಾಗಿರಲಿಲ್ಲ.

ಫಲಿತಾಂಶದ ಹಾಳೆಯಲ್ಲಿ ದೇವರಾಜುವಿನ ಸಂಖ್ಯೆ ಇತ್ತು, ನನ್ನದು ಇರಲಿಲ್ಲ. ರಸಾಯನಶಾಸ್ತ್ರದಲ್ಲಿ ನನಗೆ ಎಂಬತ್ತೊಂದು ಬಂದಿದೆಯೆಂದು ಆಮೇಲೆ ತಿಳಿಯಿತು. ಇಂಗ್ಲಿಷ್ ಉಪಾಧ್ಯಾಯರ ಮನೆಯ ಬಾಗಿಲಿಗೆ ಹೋಗಿ ನಿಂತೆ. ಅವರು ಕೇಳಿದರು: "ಪ್ರಬಂಧ ಏನು ಬರೆದೆಯಯ್ಯಾ?"

ಹೇಳಿದೆ.

"ಅಯ್ಯೋ ಪುಣ್ಯಾತ್ಮ! ಅವರು ಕೇಳಿದ್ದು ಸಮುದ್ರ ಅಲ್ಲವೇ?"

"ನಾನು ನೋಡಿಲ್ಲ ಸಾರ್."

"ಯಾರು ನೋಡಿದ್ದಾರೆ? ನಾನೇ ನೋಡಿಲ್ಲ. ನೋಟ್ಸಿನಲ್ಲಿ ಬರೆಸಿರಲಿಲ್ಲವೇ, ಬಂಗಾರದ ಮರಳು, ಬೆಳ್ಳಿಯ ಅಲೆ, ಮುಳುಗುವ ಸೂರ್ಯ? ಅದನ್ನೇ ಇಳಿಸಿದ್ದರೆ ಆಗುತ್ತಿತ್ತು. ವಿಷಯಾಂತರ ಅಂತ ಹೊಡೆದಿರುತ್ತಾರೆ."

ಹೀಗೆ ಬಿಳಿಕೆರೆಯ ಹುಡುಗ, ಕೃಷ್ಣರಾಜನಗರದ ಹುಡುಗ, ಹುಣಸೂರಿನ ಹುಡುಗ, ಎಲ್ಲರೂ ಒಂದೇ ಮರಳಿನ ಮೇಲೆ ಕುಳಿತು ಒಂದೇ ಸೂರ್ಯನನ್ನು ಮುಳುಗಿಸಿ ತೇರ್ಗಡೆಯಾದರು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಕೇಳುತ್ತೇನೆ: ತಾವು ಪರೀಕ್ಷಿಸಿದ್ದು ಯಾವುದನ್ನು? ಇಂಗ್ಲಿಷನ್ನೋ, ನೋಡದ್ದನ್ನು ನೋಡಿದೆನೆಂದು ಹೇಳುವ ಧೈರ್ಯವನ್ನೋ?

ಊರಿಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ರಾಗಿ ಬೀಸುವುದನ್ನು ನಿಲ್ಲಿಸಿದಳು.

"ಮೂರು ಅಂದ್ರೆ ಎಷ್ಟ್ಲಾ? ಬೋ ಜಾಸ್ತೀನಾ?"

"ಇಲ್ಲ ಕಣವ್ವ, ಕಮ್ಮಿನೇ."

"ಬ್ಯಾರೆದ್ರಲ್ಲೆಲ್ಲಾ ಸಂದಾಗಿ ಬಂದದೆ ಅಂತೀಯಲ್ಲ. ಅದ್ರಲ್ಲಿ ಮೂರು ತಗ್ದು ಇದ್ಕಾಕುದ್ರೆ ಆಗಾಕಿಲ್ವಾ?"

"ಅಂಗೆ ಮಾಡಾಕಿಲ್ಲವ್ವ ಅವರು."

"ಅಷ್ಟೊಂದು ಓದ್ದೋರ್ಗೆ ಇದು ಒಳೀಲಿಲ್ವಾ?" ಎಂದು ಮತ್ತೆ ಬೀಸಲು ತೊಡಗಿದಳು.

ಅಕ್ಷರ ಬಾರದ ಸೂಲಗಿತ್ತಿಯ ಆ ಪ್ರಶ್ನೆಗೆ ತಮ್ಮ ಮಂಡಲಿಯ ಯಾವ ಸದಸ್ಯರಾದರೂ ಉತ್ತರ ಹೇಳಿದರೆ ಅದನ್ನು ಅವಳಿಗೆ ಮುಟ್ಟಿಸುತ್ತೇನೆ.

ಮತ್ತೊಂದು ಸಲ ಪರೀಕ್ಷೆಗೆ ಕಟ್ಟಬಹುದಿತ್ತಲ್ಲ ಎನ್ನುವಿರಿ. ನಿಯಮದ ಪ್ರಕಾರ ಒಂದು ವರ್ಷ ಕಾದು, ಎಂಬತ್ತೊಂದು ಬಂದ ವಿಷಯವನ್ನೂ ಸೇರಿಸಿ ಎಲ್ಲವನ್ನೂ ಮೊದಲಿಂದ ಬರೆಯಬೇಕಿತ್ತು. ಫೇಲಾದವನಿಗೆ ವಿದ್ಯಾರ್ಥಿವೇತನ ಇಲ್ಲ. ಅದಿಲ್ಲದವನಿಗೆ ವಿದ್ಯಾರ್ಥಿನಿಲಯದಲ್ಲಿ ಜಾಗ ಇಲ್ಲ. ಜಾಗ ಇಲ್ಲದವನು ಪಟ್ಟಣದಲ್ಲಿ ಎಲ್ಲಿ ಮಲಗಿ ಓದಬೇಕು ಎಂಬುದಕ್ಕೆ ಯಾವ ನಿಯಮವೂ ಇಲ್ಲ. ದೇವರಾಜು ತನ್ನ ಪುಸ್ತಕಗಳನ್ನೆಲ್ಲ ನನಗೆ ಕೊಟ್ಟು ಕಣ್ಣೀರು ಹಾಕಿದ. ಆ ಪುಸ್ತಕಗಳನ್ನು ಎರಡು ವರ್ಷ ಇಟ್ಟುಕೊಂಡಿದ್ದು, ಕೊನೆಗೆ ಹೊಟ್ಟೆಪಾಡಿಗೆ, ಸಿಡುಬು ಬರದಂತೆ ತೋಳಿಗೆ ದಾಕು ಹಾಕುವ ಕೆಲಸ ಹಿಡಿದೆ. ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಗಳು ನನ್ನ ಪಾಲಿಗೆ ಬಂದವು.

ಈ ಕೆಲಸವನ್ನು ನಾನು ಹಳಿಯುವುದಿಲ್ಲ. ಇದರಿಂದ ಮಕ್ಕಳು ಉಳಿಯುತ್ತವೆ. ಆದರೆ ನನ್ನ ಚೀಲ ಕಂಡರೆ ತಾಯಂದಿರು ಮಕ್ಕಳನ್ನು ಕಣಜದ ಹಿಂದೆ ಬಚ್ಚಿಡುತ್ತಾರೆ. ಚಾವಡಿಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಒಬ್ಬನೇ ಬೇಯಿಸಿಕೊಳ್ಳುತ್ತೇನೆ. ಓದಿದವನೆಂದು ಹಳ್ಳಿಯವರು ನನ್ನೊಡನೆ ಕುಳಿತು ಹರಟುವುದಿಲ್ಲ. ಫೇಲಾದವನೆಂದು ಓದಿದವರು ಕೂರಿಸುವುದಿಲ್ಲ. ಜಾತಿಯೂ ತನ್ನ ಕೆಲಸವನ್ನು ಮರೆಯುವುದಿಲ್ಲ. ವಾರಗಟ್ಟಲೆ, "ತೋಳು ಕೊಡವ್ವ", "ಕೆರೀಬೇಡ ಕಣಪ್ಪ" ಎಂಬುದರ ಹೊರತು ಬೇರೆ ಮಾತೇ ನನ್ನ ಬಾಯಿಂದ ಬಂದಿರುವುದಿಲ್ಲ. ಹಳ್ಳಿಯಿಂದ ಹಳ್ಳಿಗೆ ನಡೆಯುವಾಗ ಹಳೆಯ ಇಂಗ್ಲಿಷ್ ಪತ್ರಿಕೆಯ ಹಾಳೆಯನ್ನು ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ತೇಗದ ಮರಗಳು ಇದುವರೆಗೆ ನನ್ನ ವ್ಯಾಕರಣದಲ್ಲಿ ತಪ್ಪು ಹಿಡಿದಿಲ್ಲ.

ಕಳೆದ ಮಾಘಮಾಸದಲ್ಲಿ ಒಂದು ಬೆಳಿಗ್ಗೆ, ಕಪಿಲಾ ಹೊಳೆಯ ಆಚೆಯ ಹಳ್ಳಿಯೊಂದಕ್ಕೆ ಹೋದಾಗ ಸಣ್ಣಬೀರಯ್ಯ ಎಂಬ ರೈತ ಓಡಿಬಂದು ನನ್ನ ಕಾಲಿಗೆ ಬಿದ್ದ.

"ಡಾಕುಟ್ರೇ, ದೇವ್ರು ಬಂದಂಗೆ ಬಂದ್ರಿ. ನನ್ನೆಂಡ್ರಿಗೆ ನೋವು ಸುರುವಾಗಿ ಎಲ್ಡು ದಿನ ಆಯ್ತು ಸ್ವಾಮಿ."

"ಏಳಪ್ಪ, ನಾನು ಡಾಕ್ಟ್ರಲ್ಲ."

"ಅಂಗನ್ಬ್ಯಾಡಿ. ಕೈಯಾಗೆ ಚೀಲ ಇಲ್ವಾ?"

"ಇದ್ರಲ್ಲಿ ದಾಕು ಹಾಕೋ ಸಾಮಾನು ಬಿಟ್ರೆ ಬೇರೇನೂ ಇಲ್ಲ ಕಣಪ್ಪ."

ಅವನು ನಂಬಲಿಲ್ಲ. ಕೈ ಹಿಡಿದು ಎಳೆದೊಯ್ದ. ಒಳಗಿದ್ದ ಮುದುಕಿ ಬಾಗಿಲಿಗೆ ಬಂದು, ಮಗುವಿನ ತಲೆ ಬರುವ ಬದಲು ಕೈ ಮುಂದಾಗಿದೆ ಎಂದಳು. ಅದರ ಅರ್ಥ ನನಗೆ ಗೊತ್ತಿತ್ತು. ಕೈ ಮುಂದಾದ ಹೆರಿಗೆಗೆ ನನ್ನ ತಾಯಿಯೇ ಹಿಂದೆ ಸರಿಯುತ್ತಿದ್ದಳು. ಮುಂದೇನು ಮಾಡಬೇಕೆಂಬುದನ್ನು ಕಲಿಸುವ ಜಾಗಕ್ಕೆ ಹೋಗುವ ದಾರಿಯಲ್ಲೇ ನನ್ನನ್ನು ಇಳಿಸಲಾಗಿತ್ತು. ಗಾಡಿ ಕಟ್ಟಿಸಿ, ಹುಲ್ಲು ಹಾಸಿಸಿ, ಆ ಹೆಂಗಸು ಶಿವರುದ್ರಮ್ಮನನ್ನು ಮಲಗಿಸಿ ಒಂಬತ್ತು ಮೈಲಿ ದೂರದ ಆಸ್ಪತ್ರೆಗೆ ಹೊರಡಿಸಿದೆ. ಅವಳು ಮೊದಮೊದಲು ಕೂಗುತ್ತಿದ್ದಳು. ಆಮೇಲೆ ಕೂಗಲಿಲ್ಲ. ಗಾಡಿಯ ಪಕ್ಕದಲ್ಲಿ ನಡೆಯುತ್ತಿದ್ದ ನನಗೆ ಆ ಕೂಗೇ ವಾಸಿ ಅನ್ನಿಸಿತು.

ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರು ದೇವರಾಜು. ನನ್ನನ್ನು ಕಂಡು ಒಂದು ಗಳಿಗೆ ಬೆರಗಾಗಿ ನಿಂತು, ಮರುಗಳಿಗೆ ಒಳಗೆ ಓಡಿದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಶಿವರುದ್ರಮ್ಮ ಉಳಿದಿದ್ದಳು. ಮಗು ಉಳಿದಿರಲಿಲ್ಲ.

"ಎರಡು ಗಂಟೆ ಮೊದಲು ಬಂದಿದ್ರೆ ಮಗೂನೂ ಉಳಿಸಬೋದಿತ್ತು ಕಣೋ. ಅಲ್ಲೇ ಯಾರಾದ್ರೂ ಡಾಕ್ಟರು..." ಎಂದವನು ನನ್ನ ಮುಖ ನೋಡಿ ತಡೆದ. ಆಮೇಲೆ, "ಕಾಫಿ ಕುಡೀತೀಯಾ?" ಎಂದ.

ಕುಡಿಯುತ್ತ ನಾನು ಕೇಳಿದೆ: "ಸಮುದ್ರ ನೋಡಿದೆಯಾ?"

"ಇನ್ನೂ ಇಲ್ಲ ಕಣೋ. ಪುರಸೊತ್ತೆಲ್ಲಿ?"

ಇಬ್ಬರೂ ನಗಲಿಲ್ಲ. ಅವನು ಒಳ್ಳೆಯ ಡಾಕ್ಟರಾಗಿದ್ದಾನೆ. ಅದನ್ನು ನಾನು ಕಣ್ಣಾರೆ ಕಂಡೆ. ನಾನು ಡಾಕ್ಟರಾಗಿದ್ದರೆ ಆ ಮಗು ಬದುಕುತ್ತಿತ್ತೆಂದು ವಾದಿಸಲಾರೆ. ಅದನ್ನು ಹೇಳುವುದಕ್ಕೂ ಡಾಕ್ಟರೇ ಆಗಿರಬೇಕು. ಸಣ್ಣಬೀರಯ್ಯ ಆ ಪುಟ್ಟ ಗಂಟನ್ನು ಎದೆಗೆ ಒತ್ತಿಕೊಂಡು ಗಾಡಿ ಹತ್ತುವಾಗ ನನ್ನತ್ತ ನೋಡಿ ಹೇಳಿದ ಮಾತನ್ನು ಮಾತ್ರ ತಮಗೆ ಒಪ್ಪಿಸುತ್ತೇನೆ: "ನೀವು ಡಾಕುಟ್ರಲ್ಲ ಅಂದ್ರಿ. ನಾನು ನಂಬ್ನಿಲ್ಲ. ತಪ್ಪಾಯ್ತು ಬುಡಿ ಸ್ವಾಮಿ."

ತಪ್ಪು ಅವನದಂತೆ!

ಮಾನ್ಯರೇ, ನನ್ನ ಬೇಡಿಕೆ ದೊಡ್ಡದಲ್ಲ. ಒಂದೇ ವಿಷಯದಲ್ಲಿ ತಪ್ಪಿದವರಿಗೆ ಆ ಒಂದೇ ವಿಷಯವನ್ನು ಮೂರು ತಿಂಗಳೊಳಗೆ ಮತ್ತೆ ಬರೆಯಲು ಅವಕಾಶ ಮಾಡಿಕೊಡಿ. ಅಲ್ಲಿಯವರೆಗೆ ಅವರ ಹಾಸಿಗೆಯನ್ನು ವಿದ್ಯಾರ್ಥಿನಿಲಯದಿಂದ ಹೊರಗೆ ಎಸೆಯಬೇಡಿ. ಉತ್ತರಪತ್ರಿಕೆಯನ್ನು ಒಮ್ಮೆ ಅವರ ಕಣ್ಣಿಗೆ ತೋರಿಸಿ. ಎಲ್ಲಿ ತಪ್ಪಿದೆವೆಂದು ತಿಳಿಯದೆ ಜೀವಮಾನವೆಲ್ಲ ಊಹಿಸುತ್ತ ಕೂರುವುದು ಬಹಳ ಕಷ್ಟ. ಈ ವರ್ಷವೂ ತಮ್ಮ ಹಾಳೆ ಪ್ರಕಟವಾಗಿದೆ. ಅದರಲ್ಲಿ ಇಲ್ಲದ ಸಂಖ್ಯೆಗಳ ಹಿಂದೆಯೂ ಮನುಷ್ಯರಿದ್ದಾರೆ. ನಾನು ಕಳೆದುಕೊಂಡದ್ದು ನನಗೆ ಬರುವುದಿಲ್ಲ. ಅವರದು ಇನ್ನೂ ಹೋಗಿಲ್ಲ.

ಮುಗಿಸುವ ಮುನ್ನ ಒಂದು ಮಾತು. ನಾನು ಊರಿಗೆ ಹೋಗಿ ನಾಲ್ಕು ವರ್ಷವಾಯಿತು. ಕೊನೆಯ ಸಲ ಗೌರಿಹಬ್ಬಕ್ಕೆ ಹೋಗಿದ್ದಾಗ ಬೆಳಗಾಗುವಷ್ಟರಲ್ಲಿ ನಮ್ಮ ಮನೆಯ ಮುಂದೆ ಕೆಮ್ಮುವವರು, ಜ್ವರದವರು, ಕುಂಟುವವರು ಸಾಲಾಗಿ ಕುಳಿತಿದ್ದರು. ಅವ್ವ ಬಾಗಿಲಲ್ಲಿ ನಿಂತು, "ತಡೀರವ್ವ, ನನ್ ಮಗ ಎದ್ದೇಳ್ಲಿ. ಕೋಟೆ ಸೀಮೆಗೆಲ್ಲಾ ಅವ್ನೇ ಡಾಕುಟ್ರು" ಎನ್ನುತ್ತಿದ್ದಳು. ಊರಿಗೆಲ್ಲ ಹಾಗೆಂದೇ ಹೇಳಿಕೊಂಡಿದ್ದಳು. ನಾನು ಏನೆಂಬುದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಹೇಳಿದ್ದಳು. ನಾನು ಹಿತ್ತಿಲ ಬಾಗಿಲಿನಿಂದ ಹೊರಟುಬಂದೆ. ಅಂದಿನಿಂದ ಕಾಗದ ಬರೆಸುತ್ತಾಳೆ, ಬಾ ಎಂದು ಕರೆಯುವುದಿಲ್ಲ. ನಾನೂ ಬರುತ್ತೇನೆಂದು ಬರೆಯುವುದಿಲ್ಲ.

ಈ ಪತ್ರ ಅಚ್ಚಾದರೆ ಕಂಪಲಾಪುರದ ಅಂಗಡಿ ಜಗಲಿಯ ಮೇಲೆ ಯಾರಾದರೂ ಇದನ್ನು ಗಟ್ಟಿಯಾಗಿ ಓದಿಯೇ ಓದುತ್ತಾರೆ. ಮಾತು ಅವಳ ಬಾಗಿಲಿಗೂ ಹೋಗುತ್ತದೆ. ಪತ್ರಿಕೆಯ ಸಂಪಾದಕರಲ್ಲಿ ಒಂದು ವಾರ ತಡೆದು ಅಚ್ಚು ಮಾಡಿ ಎಂದು ಕೇಳಿಕೊಂಡಿದ್ದೇನೆ. ಅಷ್ಟರಲ್ಲಿ ನಾನು ಊರು ಸೇರಿರುತ್ತೇನೆ. ಅವಳು ಇದನ್ನು ಒಬ್ಬಳೇ ಕೇಳಬಾರದು.

ಇಂತಿ,
ತಮ್ಮ ಹಾಳೆಯಲ್ಲಿ ಇಲ್ಲದವನು,
ಕಂಪಲಾಪುರದ ಮುದ್ದಯ್ಯ,
ದಾಕು ಹಾಕುವವನು, ಡಾಕ್ಟರಲ್ಲ